ಲಾರ್ಚ್ ಹೊನ್ನಾಗುವ ಎರಡು ವಾರ: ಮೇಪಲ್ ಪಾಸ್ ಚಾರಣ

ಮೇಪಲ್ ಪಾಸ್ (ಪಾಸ್ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಅಂತ ಹೆಸರಿದೆಯಲ್ಲ ಎಂದು ಅಲ್ಲಿ ಮೇಪಲ್ ಮರ ಹುಡುಕಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ನಾರ್ತ್ ಕ್ಯಾಸ್ಕೇಡ್ಸ್ ಬೆಟ್ಟಸಾಲಿನ ಈ ದಾರಿಗೆ ಜನ ಮುಗಿಬೀಳುವುದು ಲಾರ್ಚ್ ಮರಕ್ಕಾಗಿ. ಪೈನ್, ಫರ್ ಮರಗಳಂತೆ ಇದಕ್ಕೂ ಸೂಜಿ ಎಲೆ. ಆದರೆ ಅವು ವರ್ಷವಿಡೀ ಹಸಿರಾಗಿದ್ದರೆ ಇದು ಚಳಿಗಾಲಕ್ಕೆ ಮೊದಲು ಹಳದಿಗೆ ತಿರುಗಿ ಅಷ್ಟೂ ಎಲೆ ಉದುರಿಸಿಬಿಡುತ್ತದೆ. ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಒಡೆದು, ಸಾರಜನಕದಂಥ ಸತ್ವವೆಲ್ಲ ಕೊಂಬೆಗೆ ಹಿಂದಿರುಗಿದ ಮೇಲೆ ಮೊದಲಿಂದಲೂ ಎಲೆಯಲ್ಲೇ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಬಂಡೆಗಳ ಮೇಲೆ ಹಾಸಿದ ಹಕಲ್‌ಬೆರಿ ಪೊದೆಯ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾದ ಬಣ್ಣ, ಆಂಥೋಸಯಾನಿನ್. ನಮ್ಮ ಮಾವಿನ ಚಿಗುರು ಕೆಂಪಗಿರುವುದೂ ಇದರಿಂದಲೇ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಇಲ್ಲಿ ಸಾಯುವಾಗ.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ 10ರ ಆಸುಪಾಸಿನವರೆಗೆ ಬಣ್ಣ ಇರುತ್ತದೆ. ಒಂದು ವಾರ ಮುಂಚೆ ಹೋದರೆ ಮರ ಇನ್ನೂ ನಿಂಬೆಹಸಿರು. ತಡವಾಗಿ ಹೋದಿರೋ, ಒಂದೇ ರಾತ್ರಿಯ ಗಾಳಿಮಳೆಗೆ ಬಂಗಾರವೆಲ್ಲ ನೆಲದ ಮೇಲೆ ಬಿದ್ದಿರುತ್ತದೆ. ಕಳೆದ ವರ್ಷದ ಫೋಟೋ ನೋಡಿ ದಿನ ಗೊತ್ತುಮಾಡುವುದಕ್ಕಿಂತ ಆ ವಾರ ಹೋಗಿ ಬಂದವರು ಬರೆದದ್ದನ್ನು ಓದುವುದು ಮೇಲು. ಆಯ್ಕೆ ಇದ್ದರೆ ವಾರದ ನಡುವೆಯೇ ಹೋಗಿ. ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ಪಾರ್ಕಿಂಗ್ ತುಂಬಿ, ಹೆದ್ದಾರಿಯ ಅಂಚಿನುದ್ದಕ್ಕೂ ಕಾರುಗಳ ಸಾಲು ಬೆಳೆದಿರುತ್ತದೆ.

ಸಿಯಾಟಲ್‌ನಿಂದ ಚಾರಣ ಶುರುವಾಗುವ ರೈನಿ ಪಾಸ್‌ವರೆಗೆ, 20ನೇ ಹೆದ್ದಾರಿ ಹಿಡಿದು, ಕಾರಿನಲ್ಲಿ ಹತ್ತಿರಹತ್ತಿರ ಮೂರು ಗಂಟೆ. ಮಾರ್ಬಲ್‌ಮೌಂಟ್‌ನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ, ಆಮೇಲೆ ಬಹಳ ದೂರ ಬಂಕ್ ಸಿಗದು. ರೈನಿ ಪಾಸ್‌ನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಾಗಾಗಿ ನಕ್ಷೆ ಇಳಿಸಿಕೊಳ್ಳುವುದು, ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಎಂಬ ಪರವಾನಗಿ ಚೀಟಿ (ದಿನಕ್ಕೆ 5 ಡಾಲರ್, ವರ್ಷಕ್ಕೆ 30) ಕೊಂಡು ಮುದ್ರಿಸಿಕೊಳ್ಳುವುದು ಎರಡೂ ಮನೆಯಲ್ಲೇ ಮುಗಿದಿರಲಿ.

ದಾರಿ ಒಂದು ಸುತ್ತು: 7.2 ಮೈಲಿ, ಅಂದರೆ ಸುಮಾರು 11.5 ಕಿ.ಮೀ. ಏರು ಸುಮಾರು 2,000 ಅಡಿ, ಅತಿ ಎತ್ತರದ ಜಾಗ 6,600 ಅಡಿಗೂ ಮೇಲೆ, ಅಂದರೆ ಸುಮಾರು 2,000 ಮೀಟರ್. ನಿಂತು ನೋಡುತ್ತ ನಡೆದರೆ ಐದಾರು ಗಂಟೆ ಹಿಡಿಯುತ್ತದೆ. ಯಾವ ದಿಕ್ಕಿನಿಂದ ಸುತ್ತಬೇಕು ಎಂಬ ಚರ್ಚೆ ಮುಗಿಯುವುದೇ ಇಲ್ಲ. ನಮ್ಮ ಮತ ಅಪ್ರದಕ್ಷಿಣೆಗೆ, ಅಂದರೆ ಲೇಕ್ ಆ್ಯನ್ ಕಡೆಯಿಂದ ಹತ್ತುವುದಕ್ಕೆ. ಆ ಬದಿಯ ಏರು ನಿಧಾನವಾಗಿದೆ, ಬಣ್ಣವೂ ಬೇಗ ಎದುರಾಗುತ್ತದೆ. ಸುಮಾರು 2 ಕಿ.ಮೀ. ಆದಮೇಲೆ ಸರೋವರಕ್ಕೆ ಕವಲುದಾರಿ. ಅಲ್ಲಿಂದ ಮುಂದೆ ಹೆದರ್ ಪಾಸ್ ಸುತ್ತಮುತ್ತ ಲಾರ್ಚ್ ದಟ್ಟವಾಗುತ್ತದೆ. ಫೋಟೋ ತೆಗೆಯುವಾಗ ಸೂರ್ಯ ಮರದ ಹಿಂದಿರಲಿ. ಬೆನ್ನ ಹಿಂದಿನ ಬೆಳಕಿನಲ್ಲಿ ಬರಿಯ ಹಳದಿಯಾಗಿ ಕಾಣುವ ಮರವೇ ಎದುರು ಬೆಳಕಿನಲ್ಲಿ ದೀಪ ಹಚ್ಚಿಟ್ಟಂತೆ ಹೊಳೆಯುತ್ತದೆ. ಒಂದು ಕೊಂಬೆ ಮುಟ್ಟಿಯೂ ನೋಡಿ. ಒಂದೊಂದು ಗಂಟಿನಲ್ಲಿ ಮೂವತ್ತು ನಲವತ್ತು ಸೂಜಿಗಳ ಗೊಂಚಲು, ಚುಚ್ಚುವುದಿಲ್ಲ, ಹತ್ತಿಯಷ್ಟು ಮೆತ್ತಗೆ.

ಇಳಿಜಾರು ಮಾತ್ರ ಕಡಿದು. ರೈನಿ ಲೇಕ್ ಕಡೆಗೆ ಇಳಿಯುವ ದಿಣ್ಣೆಯಲ್ಲಿ ಮಂಡಿ ನೋಯುವವರಿಗೆ ಎರಡು ಊರುಗೋಲು ಬೇಕೇ ಬೇಕು. ಕೊನೆಯಲ್ಲಿ ರೈನಿ ಲೇಕ್‌ನ ಡಾಂಬರು ದಾರಿ ಸೇರುತ್ತೀರಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಅವರಿಗೆ ಹೋಗಿಬರುವುದು ಸೇರಿ ಎರಡೇ ಮೈಲಿಯ ಈ ಸಪಾಟು ದಾರಿ ಸಾಕು. ಅವರನ್ನು ಮೇಲಕ್ಕೆ ಹೊರಡಿಸುವ ಹಟ ಬೇಡ.

ಚಳಿಯ ಲೆಕ್ಕ ತಪ್ಪುವವರೂ ಬಹಳ. ಪ್ರತಿ ಸಾವಿರ ಮೀಟರ್ ಏರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಸಿಯಾಟಲ್‌ನಲ್ಲಿ 14 ಇದ್ದರೆ ಮೇಲೆ ಒಂದೆರಡು ಡಿಗ್ರಿ, ಅದರ ಮೇಲೆ ಗಾಳಿ. ಜೀನ್ಸ್, ಹತ್ತಿ ಬನಿಯನ್ ಬೇಡ. ಹತ್ತುವಾಗ ಬೆವರು ಕುಡಿದ ಬಟ್ಟೆ ಮೇಲೆ ನಿಂತ ಕೂಡಲೇ ಮೈ ಕೊರೆಯತೊಡಗುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್, ಹೊರಗೆ ಮಳೆ ಜಾಕೆಟ್, ಜೊತೆಗೆ ಟೋಪಿ ಮತ್ತು ಕೈಗವಸು. ಆಗಲೇ ಹಿಮ ಬಿದ್ದಿದ್ದರೆ ನೆರಳಿನ ಇಳಿಜಾರಿನಲ್ಲಿ ಅದು ತುಳಿತಕ್ಕೆ ಸಿಕ್ಕಿ ಗಾಜಾಗಿರುತ್ತದೆ, ಶೂಗೆ ಸಿಕ್ಕಿಸುವ ಉಕ್ಕಿನ ಮುಳ್ಳುಪಟ್ಟಿ (ಮೈಕ್ರೋಸ್ಪೈಕ್) ಇಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ಒಂದು ಹೆಡ್‌ಲ್ಯಾಂಪ್.

ಬುತ್ತಿಗೆ ಚಿತ್ರಾನ್ನ ಬೇಡ. ಆ ಚಳಿಗೆ ಅನ್ನ ಅಕ್ಕಿಕಾಳಿನಂತೆ ಬಿರುಸಾಗುತ್ತದೆ. ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿದ ಚಪಾತಿ ಕೈಗವಸು ಹಾಕಿಕೊಂಡೇ ತಿನ್ನಬಹುದು. ತಿನ್ನಲು ಬಂಡೆಯ ಮೇಲೆ ಕೂರಿ, ದಾರಿ ಬಿಟ್ಟು ಹೆದರ್ ಎಂಬ ಕುರುಚಲು ಗಿಡಗಳ ಮೇಲಲ್ಲ. ವರ್ಷಕ್ಕೆ ಕೆಲವೇ ವಾರ ಬೆಳೆಯುವ ಆ ಗಿಡ ಒಮ್ಮೆ ತುಳಿತಕ್ಕೆ ಸತ್ತರೆ ಅಲ್ಲಿ ಬರಿಮಣ್ಣೇ ವರ್ಷಗಟ್ಟಲೆ ಉಳಿಯುತ್ತದೆ.