ಹಳೇ ಫಿಯಾಟ್ ಇದೆ, ಏನು ಮಾಡಿಸಲಿ ಅಂತ ಕೇಳುವವರಿಗೆ

ಉಣಕಲ್ ಕೆರೆ ಹತ್ತಿರ ನಮ್ಮ ಪದ್ಮಿನಿ, ಅಂದರೆ ಹಳೇ ಫಿಯಾಟ್ ಕಾರು, ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಗಾಡಿ ಸುತ್ತ ಒಂದು ರೌಂಡ್ ಹಾಕುತ್ತಾರೆ. ಆಮೇಲೆ ಶುರು. "ಸರ್, ನಮ್ಮ ಅಜ್ಜಾಂದೂ ಒಂದು ಗಾಡಿ ಐತ್ರಿ, ಹಿತ್ತಲದಾಗ ನಿಂತೈತಿ. ಇದ್ದಂಗ ಇಟ್ಕೊಳ್ಳೋದೋ, ಪೂರ್ತಿ ಹೊಸಾದು ಮಾಡ್ಸೋದೋ, ಇಲ್ಲಾ ಮಾಡಿಫೈ ಮಾಡ್ಸಿ ದಿನಾ ಓಡ್ಸೋದೋ?"

ನಾನು ಹೇಳುವುದು ಒಂದೇ. ಪೇಂಟ್ ಬಣ್ಣ ಆರಿಸುವ ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ.

ಪದ್ಮಿನಿಗೆ ಲಾರಿ, ಜೀಪಿಗೆ ಇರುವಂಥ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಅಂಬಾಸಿಡರ್ ಕೂಡ ಹಾಗೇ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಜಂಗು ತಿಂದಿದ್ದರೆ ಇಡೀ ಗಾಡಿಯ ಬಲವೇ ಹೋಗಿರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಶೆಡ್ ಇಲ್ಲದೆ ನಿಂತ ಗಾಡಿಗಳಲ್ಲಿ ಇದನ್ನೇ ಜಾಸ್ತಿ ನೋಡಿದ್ದೇನೆ. ಗದಗದ ಕಡೆಯ ಒಣ ಹವೆಯಲ್ಲಿದ್ದವು ಎಷ್ಟೋ ವಾಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡಿ. ಟಣ್ ಅಂದರೆ ಸರಿ. ಮೆತ್ತಗೆ ಒಳಗೆ ಹೋದರೆ ಕಥೆ ಬೇರೆ. ಬಾಡಿ ಮೇಲೆ ಒಂದು ಅಯಸ್ಕಾಂತವನ್ನೂ ಓಡಿಸಿ. ಅಂಟದ ಜಾಗದಲ್ಲಿ ತಗ್ಗು ಮುಚ್ಚುವ ಪುಟ್ಟಿಯನ್ನು ದಪ್ಪಗೆ ಬಳಿದಿದ್ದಾರೆ ಅಂತ ತಿಳಿಯಿರಿ.

ನೆಲ ಹೋಗಿದ್ದರೆ ರಿಸ್ಟೋರ್, ಅಂದರೆ ಪೂರ್ತಿ ಹೊಸದು ಮಾಡಿಸುವುದು, ಬಿಟ್ಟು ದಾರಿಯಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಗಟ್ಟಿಯಿದ್ದರೆ ದಯವಿಟ್ಟು ಬಣ್ಣಕ್ಕೆ ಕೈ ಹಚ್ಚಬೇಡಿ. ಬ್ರೇಕ್, ವೈರಿಂಗ್, ಕಾರ್ಬುರೇಟರ್, ರೇಡಿಯೇಟರ್ ಸರಿ ಮಾಡಿಸಿ ಓಡಿಸಿ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. ನಮ್ಮದು 1976ರ ಗಾಡಿ, ಕಾಕಾ ಕೊಟ್ಟದ್ದು. ಬಣ್ಣ ಅಲ್ಲಲ್ಲಿ ಮಾಸಿತ್ತು, ಅಷ್ಟೇ. ಹುಮ್ಮಸ್ಸಿನಲ್ಲಿ ಒಂದು ಗ್ಯಾರೇಜಿಗೆ ಬಿಟ್ಟೆ. ಮೂರು ತಿಂಗಳು ಅಂದದ್ದು ಹನ್ನೊಂದು ತಿಂಗಳಾಯಿತು. ಬಿಚ್ಚಿಟ್ಟ ಬೀಡಿಂಗ್, ಎರಡು ವೀಲ್ ಕ್ಯಾಪ್ ವಾಪಸ್ ಬರಲೇ ಇಲ್ಲ. ಗಾಡಿ ಮಾತ್ರ ಪಳಪಳ ಅನ್ನುತ್ತಿತ್ತು. ಕಾಕಾ ಬಂದು ಎಡಗಡೆಯ ಹಿಂದಿನ ಬಾಗಿಲ ಮೇಲೆ ಕೈಯಾಡಿಸಿದರು. ಯಲ್ಲಮ್ಮನ ಗುಡ್ಡದಲ್ಲಿ ಚಕ್ಕಡಿ ತಾಗಿ ಬಿದ್ದ ಗೀರು ಅಲ್ಲಿತ್ತು. ಸಿಗಲಿಲ್ಲ. "ಚಲೋ ಐತಲೇ ಗಾಡಿ. ಯಾರ ಕಡಿಂದ ತೊಗೊಂಡಿ?" ಅಂದರು.

ಇನ್ನು ಮಾಡಿಫೈ. ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಮೊದಲಿನಂತೆ ಮಾಡಲು ಬರುವ ಬದಲಾವಣೆ ಆದರೆ ನನ್ನದೇನೂ ತಕರಾರಿಲ್ಲ. ಹೆಡ್‌ಲೈಟಿಗೆ ರಿಲೇ ಹಾಕಿಸಿ, ಲೈಟಿನ ಕರೆಂಟನ್ನು ಆ ಪುಟ್ಟ ಡಬ್ಬಿಯೇ ಹೊತ್ತು ಹಳೇ ಸ್ವಿಚ್ ಮೇಲಿನ ಭಾರ ಇಳಿಯುತ್ತದೆ. ಪೆಟ್ರೋಲ್ ಪೈಪನ್ನಂತೂ ಇವತ್ತೇ ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತದ್ದು. ಹಳೇ ರಬ್ಬರ್ ಅದಕ್ಕೆ ತಾಳುವುದಿಲ್ಲ, ಉಬ್ಬಿ ಬಿರಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ?

ಆದರೆ 1089 ಸಿಸಿ ಎಂಜಿನ್ ಕಿತ್ತು ಬೇರೆ ಗಾಡಿಯದ್ದು ಕೂರಿಸುವುದು ಬೇರೆ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಬದಲಾಗಬೇಕು. ಸುಮ್ನೆ ಹಾಕಿಸಿಕೊಂಡು ಓಡಾಡಿ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಎಂಜಿನ್ ನಂಬರ್. ಇನ್ನೊಂದು ವಿಷಯ: 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕಷ್ಟೇ. ಶನಿವಾರ ನುಗ್ಗಿಕೇರಿ ಹನುಮಪ್ಪನಿಗೆ ಹೋಗಿ ಬರುವ ನನ್ನಂಥವರಿಗೆ ಸಾದಾ ಆರ್‌ಸಿಯನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡಿಸುವುದು ಮೇಲು.

ಏನೇ ಮಾಡಿಸಿ, ಬಿಚ್ಚಿದ್ದನ್ನು ಎಸೆಯಬೇಡಿ. ಪದ್ಮಿನಿ ತಯಾರಾಗುವುದು ನಿಂತದ್ದು 2001ರಲ್ಲಿ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಬಿಡಿಭಾಗಕ್ಕೆ ಪರದಾಟ ಇನ್ನು ಜಾಸ್ತಿಯೇ. ನಮ್ಮ ಅಟ್ಟದ ಮೇಲೆ ಎರಡು ಗೋಣಿಚೀಲ ಇವೆ. ಹಳೇ ಹಾರ್ನ್, ಒಂದು ಕಾರ್ಬುರೇಟರ್, ಏನೇನೋ. ಪ್ರತಿ ದೀಪಾವಳಿಗೆ ಹೆಂಡತಿ, "ಈ ಸಲನಾದ್ರೂ ಗುಜರಿಗೆ ಹಾಕ್ರಿ" ಅನ್ನುತ್ತಾಳೆ. ನಾನು "ಮುಂದಿನ ಸಲ" ಅನ್ನುತ್ತೇನೆ.