ಮೈನಸ್ 80 ಡಿಗ್ರಿಯ ಹೆಪ್ಪು

ನಮ್ಮ ಮನೆಯಲ್ಲಿ ಹೆಪ್ಪಿಗೆಂದೇ ಒಂದು ಸಣ್ಣ ಸ್ಟೀಲ್ ಬಟ್ಟಲಿದೆ. ರಾತ್ರಿ ಊಟವಾದ ಮೇಲೆ ಅದರಿಂದ ಅರ್ಧ ಚಮಚ ಮೊಸರು ಉಗುರುಬೆಚ್ಚಗಿನ ಹಾಲಿಗೆ ಹೋಗುತ್ತದೆ, ಬೆಳಿಗ್ಗೆ ಹೊಸ ಮೊಸರಿನಿಂದ ಅರ್ಧ ಚಮಚ ಮತ್ತೆ ಬಟ್ಟಲಿಗೆ ಬರುತ್ತದೆ. ಇದು ತಮ್ಮ ತಾಯಿಯ ಕಾಲದ ಹೆಪ್ಪು, ಒಮ್ಮೆಯೂ ತಪ್ಪಿಸಿಲ್ಲ ಎಂದು ನಮ್ಮ ಅತ್ತೆಯವರು ಹೇಳುವುದುಂಟು. ಡೈರಿ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ಆ ಮಾತಿಗೆ ಎದುರಾಡುವುದಿಲ್ಲವಾದರೂ, ಇಂದು ಆ ಬಟ್ಟಲಿನಲ್ಲಿರುವುದು ಅಂದಿನ ಬ್ಯಾಕ್ಟೀರಿಯಾಗಳೇ ಎಂದು ಒಪ್ಪಿಕೊಳ್ಳುವುದು ನನಗೆ ಕಷ್ಟ. ನೂರು ಪಾಲು ಹಾಲಿಗೆ ಒಂದು ಪಾಲು ಹೆಪ್ಪು ಹಾಕಿದರೆ, ಆ ಒಂದು ಪಾಲು ಮತ್ತೆ ನೂರಾಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳು ಆರೇಳು ತಲೆಮಾರು ದಾಟಿರುತ್ತವೆ. ದಿನಕ್ಕೆ ಆರೇಳು ಎಂದರೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ತಲೆಮಾರುಗಳಾದವು. ಅಷ್ಟರಲ್ಲಿ ಕೆಲವು ಬಗೆಗಳು ಸೋತು ಮರೆಯಾಗಿರುತ್ತವೆ, ಚಮಚದಿಂದಲೋ ಗಾಳಿಯಿಂದಲೋ ಪಕ್ಕದ ಮನೆಯ ಹೆಪ್ಪಿನಿಂದಲೋ ಬೇರೆ ಕೆಲವು ಬಂದು ಸೇರಿರುತ್ತವೆ, ಉಳಿದವೂ ತುಸು ಬದಲಾಗಿರುತ್ತವೆ. ಮೊಸರಿಗೆ ಇದರಿಂದ ಬಾಧಕವಿಲ್ಲ; ಗಟ್ಟಿಯಾಗಿ, ಹದವಾದ ಹುಳಿಯೊಂದಿಗೆ ಬಂದರೆ ಸಾಕು.

ಪ್ರೋಬಯಾಟಿಕ್ ಎಂದು ಕರೆಸಿಕೊಳ್ಳುವ ಕಲ್ಚರಿಗೆ, ಎಂದರೆ ಬೆಳೆಸಿಟ್ಟ ಸೂಕ್ಷ್ಮಜೀವಿಗೆ, ಮಾತ್ರ ಇಷ್ಟು ಸಡಿಲ ಸಲ್ಲುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಮಿತಿಯು 2001ರಲ್ಲಿ ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಸೇರಿ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿಗಳನ್ನು ಮಾತ್ರ ಪ್ರೋಬಯಾಟಿಕ್ ಎನ್ನಬೇಕೆಂದು ಹೇಳಿತು. ಆ ಪ್ರಯೋಜನದ ಪುರಾವೆ ಇರುವುದು ಒಂದೊಂದು ತಳಿಗೆ ಪ್ರತ್ಯೇಕವಾಗಿ, ಇಡೀ ಜಾತಿಗೆ ಅಲ್ಲ. ಹೀಗಾಗಿ ಸೀಸೆಯಲ್ಲಿರುವ ಬ್ಯಾಕ್ಟೀರಿಯಾ ಬದುಕಿದ್ದರಷ್ಟೇ ಸಾಲದು, ಅದು ಅದೇ ತಳಿಯಾಗಿಯೂ ಉಳಿದಿರಬೇಕು. ನಾನು ಹೆಚ್ಚು ಒಡನಾಡಿರುವ ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಜಿಜಿ ಇದಕ್ಕೆ ಒಳ್ಳೆಯ ನಿದರ್ಶನ. 1983ರಲ್ಲಿ ಅಮೆರಿಕದ ಶೆರ್ವುಡ್ ಗೋರ್ಬಾಕ್ ಮತ್ತು ಬ್ಯಾರಿ ಗೋಲ್ಡಿನ್ ಎಂಬ ವಿಜ್ಞಾನಿಗಳು ಆರೋಗ್ಯವಂತ ಮನುಷ್ಯನ ಕರುಳಿನಿಂದ ಇದನ್ನು ಬೇರ್ಪಡಿಸಿದರು. ಜಿಜಿ ಎಂಬುದು ಅವರಿಬ್ಬರ ಹೆಸರಿನ ಮೊದಲಕ್ಷರಗಳು. (2020ರ ಮರುವಿಂಗಡಣೆಯ ನಂತರ ಇದರ ಕುಲನಾಮ ಲ್ಯಾಕ್ಟಿಕೇಸಿಬ್ಯಾಸಿಲಸ್ ಆಗಿದೆ, ನಮ್ಮ ಹಳೆಯ ಚೀಟಿಗಳೆಲ್ಲ ಇನ್ನೂ ಹಳೆಯ ಹೆಸರಿನಲ್ಲೇ ಇವೆ.) ಈ ತಳಿಯ ಮೈಮೇಲೆ ಪಿಲಿ ಎಂಬ ಕೂದಲೆಳೆಯಂತಹ ರಚನೆಗಳಿದ್ದು, ಕರುಳಿನ ಲೋಳೆಗೆ ಅಂಟಿಕೊಳ್ಳಲು ಅವೇ ಆಧಾರವೆಂದು 2009ರಲ್ಲಿ ತಿಳಿದುಬಂತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮಾರುಕಟ್ಟೆಯ ಕೆಲವು ಉತ್ಪನ್ನಗಳಿಂದ ಬೇರ್ಪಡಿಸಿದ ಜಿಜಿಯಲ್ಲಿ ಆ ಪಿಲಿಯ ಜೀನುಗಳೇ ಕಳೆದುಹೋಗಿದ್ದುದು ಕಂಡಿತು. ಮುಂದೆ ಮತ್ತೊಂದು ಅಧ್ಯಯನದವರು ಸುಮಾರು ಸಾವಿರ ತಲೆಮಾರುಗಳವರೆಗೆ ಈ ತಳಿಯನ್ನು ಬೆಳೆಸಿ ನೋಡಿದರು. ನಮ್ಮ ಹೆಪ್ಪಿನ ಬಟ್ಟಲಿನ ಲೆಕ್ಕದಲ್ಲಿ ಅದು ಐದು ತಿಂಗಳ ಮಾತು.

ಆದ್ದರಿಂದ ಇಂತಹ ಕಲ್ಚರನ್ನು ಪ್ರತಿದಿನ ಹೊಸ ಪೋಷಕ ದ್ರವಕ್ಕೆ ಬದಲಿಸುತ್ತ ಇಟ್ಟುಕೊಳ್ಳುವುದನ್ನು ನಾನು ಪಾಲನೆ ಎಂದು ಕರೆಯಲಾರೆ. ಒಳ್ಳೆಯ ಪಾಲನೆಯೆಂದರೆ ಅದನ್ನು ಬೆಳೆಯಗೊಡದೆ, ಸಾಯಲೂ ಬಿಡದೆ, ನಿಂತಲ್ಲೇ ನಿಲ್ಲಿಸುವುದು.

ಭಾರತದಲ್ಲಿ ತಳಿಗಳನ್ನು ಸಾಮಾನ್ಯವಾಗಿ ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ಕಲ್ಚರ್ ಸಂಗ್ರಹದಿಂದ ಅಥವಾ ಚಂಡೀಗಢದ ಸೂಕ್ಷ್ಮಜೀವಿಗಳ ಸಂಗ್ರಹವಾದ ಎಂಟಿಸಿಸಿಯಿಂದ ತರಿಸುತ್ತಾರೆ. ಬರುವುದು ಬೆರಳುದ್ದದ, ಎರಡೂ ತುದಿ ಮುಚ್ಚಿದ ಗಾಜಿನ ಆಂಪ್ಯೂಲ್. ಒಳಗೆ ತಳದಲ್ಲಿ ಹಾಲಿನಪುಡಿಯಂತಹ ಚಿಟಿಕೆ ಪುಡಿ, ಅದರ ಮೇಲೊಂದು ಹತ್ತಿಯ ತುಣುಕು. ಒಳಗೆ ಗಾಳಿಯಿಲ್ಲ ಎಂಬುದನ್ನು ಮರೆತು ಹುಷಾರಿಲ್ಲದೆ ಮುರಿದರೆ ಹೊರಗಿನ ಗಾಳಿ ಒಮ್ಮೆಲೇ ನುಗ್ಗಿ ಪುಡಿಯನ್ನು ಎಬ್ಬಿಸುತ್ತದೆ, ಗಾಜಿನ ಚೂರೂ ಒಳಗೆ ಬೀಳುತ್ತದೆ. ನಾವು ಮೊದಲು ಆಂಪ್ಯೂಲನ್ನು ಶೇಕಡ 70ರ ಆಲ್ಕೋಹಾಲಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ, ಹತ್ತಿಯ ತುಣುಕಿನ ನಡುಮಟ್ಟಕ್ಕೆ ಸರಿಯಾಗಿ ಸಣ್ಣ ಅರದಿಂದ ಗೀರು ಹಾಕುತ್ತೇವೆ. ಅನಂತರ ಕ್ರಿಮಿರಹಿತ ಬಟ್ಟೆಯಲ್ಲಿ ಸುತ್ತಿ, ಗೀರು ಎದುರು ಬದಿಗಿರುವಂತೆ ಹಿಡಿದು ಹೆಬ್ಬೆರಳುಗಳಿಂದ ಒತ್ತಿದರೆ ಸಣ್ಣಗೆ ಟಿಕ್ ಎನ್ನುತ್ತದೆ. ಗಾಳಿ ಹತ್ತಿಯ ಮೂಲಕ ನಿಧಾನವಾಗಿ ಒಳಸೇರಲೆಂದು ಒಂದು ನಿಮಿಷ ಹಾಗೆಯೇ ಬಿಡಬೇಕು. ಹೊಸಬರು ಆಲ್ಕೋಹಾಲ್ ಆರುವ ಮುನ್ನವೇ ಸ್ಪಿರಿಟ್ ದೀಪದ ಹತ್ತಿರ ಕೈ ಒಯ್ಯುತ್ತಾರೆ. ಪ್ರೋಬಯಾಟಿಕ್ ಕೆಲಸದಲ್ಲಿ ನಾನು ಕಂಡ ಗಾಯಗಳೆಲ್ಲ ಗಾಜು ಮತ್ತು ಬೆಂಕಿಯಿಂದ ಆದವೇ ಹೊರತು ಬ್ಯಾಕ್ಟೀರಿಯಾದಿಂದ ಆದವಲ್ಲ.

ಪುಡಿಗೆ ಅರ್ಧ ಮಿ.ಲೀ.ಗಿಂತಲೂ ಕಡಿಮೆ ಎಂಆರ್‌ಎಸ್ ಬ್ರಾತ್ (ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಪೋಷಕ ದ್ರವ) ಹಾಕಿ, ಅಲುಗಾಡಿಸದೆ ಕೆಲವು ನಿಮಿಷ ನೆನೆಯಲು ಬಿಟ್ಟು, ಬಳಿಕ 5 ಮಿ.ಲೀ. ಬ್ರಾತಿಗೆ ವರ್ಗಾಯಿಸಿ 37 ಡಿಗ್ರಿಯಲ್ಲಿ ಇಡಬೇಕು. ಒಂದೆರಡು ದಿನಗಳಲ್ಲಿ ಬ್ರಾತ್ ಮಬ್ಬಾಗುತ್ತದೆ. ಮಬ್ಬಾಯಿತೆಂದರೆ ಏನೋ ಬೆಳೆದಿದೆ ಎಂದಷ್ಟೇ ಅರ್ಥ, ನಮ್ಮದೇ ಬೆಳೆದಿದೆ ಎಂದಲ್ಲ. ಪೆಟ್ರಿ ತಟ್ಟೆಯ ಮೇಲೆ ಗೆರೆ ಎಳೆದು ಬಿಡಿ ಬಿಡಿ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ತೆಗೆದು, ಬ್ಯಾಕ್ಟೀರಿಯಾದ ಬಗೆ ಗುರುತಿಸಲು ಬಳಸುವ ಗ್ರಾಂ ಎಂಬ ಬಣ್ಣ ಹಾಕಿದರೆ ನೇರಳೆ ಬಣ್ಣದ ಕಡ್ಡಿಗಳು ಕಾಣಬೇಕು. ಗಾಜಿನ ಪಟ್ಟಿಯ ಮೇಲಿನ ಕಾಲೊನಿಗೆ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟಾಗ ಏನೂ ಆಗಬಾರದು. ಗುಳ್ಳೆ ಎದ್ದರೆ ಹೊರಗಿನವರು ಬಂದಿದ್ದಾರೆಂದೇ ತಿಳಿಯಬೇಕು, ಏಕೆಂದರೆ ಲ್ಯಾಕ್ಟೊಬ್ಯಾಸಿಲಸ್‌ಗಳಲ್ಲಿ ಸಾಮಾನ್ಯವಾಗಿ ಪೆರಾಕ್ಸೈಡನ್ನು ಒಡೆದು ಗುಳ್ಳೆ ಎಬ್ಬಿಸುವ ಕೆಟಲೇಸ್ ಕಿಣ್ವ ಇರುವುದಿಲ್ಲ. ಏನೂ ಆಗದೆ ಸುಮ್ಮನಿರುವ ಆ ಹನಿಯನ್ನು ಬಗ್ಗಿ ನೋಡುತ್ತಿರುವ ಹದಿನೈದು ಸೆಕೆಂಡುಗಳು ಇಷ್ಟು ವರ್ಷಗಳಾದರೂ ನನಗೆ ಉದ್ದವೆನಿಸುತ್ತವೆ. ಇವೆರಡೂ ಪರೀಕ್ಷೆಗಳು ಬೇರೆಯವರನ್ನು ಹಿಡಿದುಕೊಡಬಲ್ಲವೇ ಹೊರತು ಇದು ಜಿಜಿಯೇ ಎಂದು ಸಾಬೀತು ಮಾಡಲಾರವು. ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು.

ಹೀಗೆ ಪರೀಕ್ಷೆಯಲ್ಲಿ ಗೆದ್ದ ಮೊದಲ ಬೆಳೆಯನ್ನು ಅಂದೇ ಶೀತಲ ಸಂಗ್ರಹಕ್ಕೆ ಸೇರಿಸುತ್ತೇವೆ. ರಾತ್ರಿಯಿಡೀ ಬೆಳೆದ ಕಲ್ಚರಿನ ಅರ್ಧ ಮಿ.ಲೀ.ಗೆ ಆಟೊಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿರಹಿತಗೊಳಿಸಿದ) ಶೇಕಡ 40ರ ಗ್ಲಿಸರಾಲನ್ನು ಅಷ್ಟೇ ಪ್ರಮಾಣದಲ್ಲಿ ಬೆರೆಸಿದರೆ ಗ್ಲಿಸರಾಲ್ ಶೇಕಡ 20 ಆಗುತ್ತದೆ. ಅದು ಜೀವಕೋಶದ ಒಳಗೂ ಹೊರಗೂ ಹಿಮದ ಹರಳುಗಳು ಚೂಪಾಗಿ ಬೆಳೆಯದಂತೆ ತಡೆಯುತ್ತದೆ. ಇಂತಹ ಸೀಸೆಗಳನ್ನು ಎರಡು ಪೆಟ್ಟಿಗೆಗಳಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ತಾಯಿ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಕೈ ಹಾಕಿದರೆ ಹೆಚ್ಚು. ಅದರ ಒಂದು ಸೀಸೆಯಿಂದ ಬೆಳೆಸಿದ್ದು ಕೆಲಸದ ಪೆಟ್ಟಿಗೆಗೆ ಹೋಗುತ್ತದೆ, ದಿನನಿತ್ಯದ ಬಳಕೆಗೆ ಅದೇ. ಮೂಲದಿಂದ ಐದು ಬಾರಿಗಿಂತ ಹೆಚ್ಚು ವರ್ಗಾವಣೆ ಆಗಬಾರದೆಂಬ ಔಷಧ ಪರೀಕ್ಷಾಲಯಗಳ ನಿಯಮವನ್ನು ನಾವೂ ಪಾಲಿಸುತ್ತೇವೆ, ಎಷ್ಟನೇ ವರ್ಗಾವಣೆ ಎಂಬುದನ್ನು ದಿನಾಂಕದೊಂದಿಗೆ ಪ್ರತಿ ಸೀಸೆಯ ಮೇಲೂ ಬರೆಯುತ್ತೇವೆ. ಬರೆಯುವ ಶಾಯಿಯ ಬಗ್ಗೆ ಒಂದು ಮಾತು: ಮಾಮೂಲಿ ಮಾರ್ಕರಿನ ಅಕ್ಷರವನ್ನು ಆಲ್ಕೋಹಾಲ್ ತಾಗಿದ ಕೈಗವಸು ಒಂದೇ ಸವರಿಗೆ ಅಳಿಸಿಹಾಕುತ್ತದೆ, ಹೆಸರಿಲ್ಲದ ಸೀಸೆ ಎಷ್ಟೇ ಶುದ್ಧವಾಗಿದ್ದರೂ ಕಸಕ್ಕೇ ಹೋಗಬೇಕು.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಒಮ್ಮೆ ಆ ಫ್ರೀಜರ್ ಕೆಟ್ಟು ದುರಸ್ತಿಗೆ ಹೋದಾಗ, ಒಂದು ವಾರದ ಮಟ್ಟಿಗೆಂದು ಕೆಲಸದ ಪೆಟ್ಟಿಗೆಯನ್ನು ಸಾಮಾನ್ಯ ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟೆ. ದುರಸ್ತಿ ಎರಡು ತಿಂಗಳು ಎಳೆಯಿತು. ಪೆಟ್ಟಿಗೆ ಕಣ್ಣಿಗೆ ಗಟ್ಟಿಯಾಗಿಯೇ ಇತ್ತು, ಆದರೆ ಎಣಿಸಿ ನೋಡಿದಾಗ ಮಿ.ಲೀ.ಗೆ ನೂರು ಕೋಟಿಯಷ್ಟಿದ್ದ ಜೀವಕೋಶಗಳು ಒಂದು ಕೋಟಿಗೂ ಕೆಳಗಿಳಿದಿದ್ದವು. ಅದು ಫ್ರಾಸ್ಟ್ ಫ್ರೀ ಫ್ರಿಜ್ಜು. ಹಿಮ ಕಟ್ಟದಿರಲೆಂದು ಅದರೊಳಗಿನ ಹೀಟರ್ ಆಗಾಗ ಚಾಲೂ ಆಗಿ ಗೋಡೆಯ ಹಿಮವನ್ನು ಕರಗಿಸುತ್ತದೆ, ಪ್ರತಿ ಸಲವೂ ಸೀಸೆಗಳು ತುಸು ಬೆಚ್ಚಗಾಗಿ ಮತ್ತೆ ತಣಿಯುತ್ತವೆ. ಐಸ್‌ಕ್ರೀಮಿಗೆ ಅನುಕೂಲವಾದ ಯಂತ್ರ ಕಲ್ಚರಿಗೆ ಶತ್ರು. ತಾಯಿ ಪೆಟ್ಟಿಗೆಯನ್ನು ಪಕ್ಕದ ವಿಭಾಗದ ಮೈನಸ್ 80 ಫ್ರೀಜರಿನಲ್ಲಿ ಇಟ್ಟಿದ್ದೆನಾದ್ದರಿಂದ ಮಾನ ಉಳಿಯಿತು. ಅಂದಿನಿಂದ ಎರಡು ಪೆಟ್ಟಿಗೆಗಳು ಎಂದೂ ಒಂದೇ ಫ್ರೀಜರಿನಲ್ಲಿ ಇರುವುದಿಲ್ಲ, ಸೀಸೆಯನ್ನು ಹೊರತೆಗೆದಾಗಲೂ ಕರಗಲು ಬಿಡದೆ ಐಸಿನ ಮೇಲಿಟ್ಟು ಲೂಪಿನಿಂದ (ತುದಿಯಲ್ಲಿ ಕುಣಿಕೆಯಿರುವ ಕಡ್ಡಿ) ಮೇಲ್ಮೈಯನ್ನು ಕೆರೆದುಕೊಳ್ಳುತ್ತೇವೆ.

ಔಷಧದ ಅಂಗಡಿಯಿಂದ ಸ್ಯಾಶೆ, ಕ್ಯಾಪ್ಸೂಲ್ ತರುವವರಿಗೆ ಇಷ್ಟೆಲ್ಲ ಬೇಕಿಲ್ಲ, ಆದರೆ ಶತ್ರುಗಳು ಅವೇ: ಶಾಖ ಮತ್ತು ತೇವ. ಒಣಗಿಸಿದ ಬ್ಯಾಕ್ಟೀರಿಯಾ ನೀರಿಲ್ಲದಿರುವುದರಿಂದಲೇ ನಿದ್ರಿಸುತ್ತಿರುತ್ತದೆ. ಡಬ್ಬಿಯ ಮುಚ್ಚಳವನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಅದು ಅರ್ಧ ಎಚ್ಚರಗೊಂಡು, ತಿನ್ನಲು ಏನೂ ಸಿಗದೆ ಸಾಯುತ್ತದೆ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ತಕ್ಷಣ ತೆರೆದರೆ ಒಳಗೆ ಬೆವರು ಕೂರುವುದರಿಂದ ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಬೇಕು, ಒಳಗಿನ ಸಿಲಿಕಾ ಪೊಟ್ಟಣವನ್ನು ಎಸೆಯಬಾರದು. ಬಿಸಿ ಹಾಲಿಗೆ ಬೆರೆಸಿ ಕುಡಿಸುವವರನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ, ಹೆಪ್ಪು ಹಾಕುವಾಗ ಬೆರಳದ್ದಿ ಹದ ನೋಡುವ ಕೈಗಳೇ ಇಲ್ಲಿ ಅದನ್ನು ಮರೆಯುತ್ತವೆ. ಮಕ್ಕಳ ಭೇದಿಗೆ ಕೊಡುವ, 5 ಮಿ.ಲೀ. ಪ್ಲಾಸ್ಟಿಕ್ ಸೀಸೆಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿಯೈ ಮಾತ್ರ ಬೇರೆ ಜಾತಿಯದು. ಅದು ಬೀಜಾಣುವಿನ ರೂಪದಲ್ಲಿರುವುದರಿಂದ ಹೊರಗಿಟ್ಟರೂ ತಾಳುತ್ತದೆ. ಲೇಬಲ್ ಓದುವಾಗ ಅಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ತಯಾರಿಕೆಯ ದಿನದ್ದೋ ಅವಧಿ ಮುಗಿಯುವ ದಿನದ್ದೋ ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ (ಡಿಬಿಟಿ) 2011ರ ಮಾರ್ಗಸೂಚಿಯು ಅವಧಿ ಮುಗಿಯುವ ಹೊತ್ತಿಗೆ ಬದುಕಿರುವ ಸಂಖ್ಯೆಯನ್ನೇ, ತಳಿಯ ಹೆಸರಿನೊಂದಿಗೆ, ಬರೆಯಬೇಕೆನ್ನುತ್ತದೆ.

ಕಲ್ಚರಿನಿಂದ ಮನುಷ್ಯನಿಗೆ ಅಪಾಯವೇ ಇಲ್ಲವೆಂದು ಹೇಳಲಾಗದು. ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕಿರುವ ರೋಗಿಯ ಹಾಸಿಗೆಯ ಪಕ್ಕದಲ್ಲಿ ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಪ್ರೋಬಯಾಟಿಕ್ ಯೀಸ್ಟಿನ ಸ್ಯಾಶೆ ಹರಿದರೆ, ಪುಡಿ ಗಾಳಿಯಿಂದಲೋ ಕೈಯಿಂದಲೋ ಆ ಕೊಳವೆಯನ್ನು ಸೇರಿ ರಕ್ತದಲ್ಲಿ ಸೋಂಕು ಉಂಟಾದ ಪ್ರಕರಣಗಳಿವೆ. ಅದಕ್ಕಾಗಿಯೇ ಅದನ್ನು ರೋಗಿಯ ಕೋಣೆಯ ಹೊರಗೆ ಕೈಗವಸು ಹಾಕಿ ತೆರೆಯಬೇಕೆಂದು ಸೂಚನೆ ಇದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೋಬಯಾಟಿಕ್ ಕೊಡುವ ಕುರಿತು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2023ರಲ್ಲಿ ವೈದ್ಯರಿಗೆ ಎಚ್ಚರಿಕೆ ನೀಡಿತು. ನಮ್ಮ ಪ್ರಯೋಗಾಲಯದಲ್ಲಿಯೂ ಕೀಮೋಥೆರಪಿ ಪಡೆಯುತ್ತಿರುವವರನ್ನು ಕಲ್ಚರ್ ಕೋಣೆಗೆ ಬಿಡುವುದಿಲ್ಲ, ದ್ರವ ಹೀರಿ ಅಳೆಯುವ ಪಿಪೆಟ್ಟಿಗೆ ಬಾಯಿ ಹಚ್ಚಲು ಯಾರಿಗೂ ಅವಕಾಶವಿಲ್ಲ.

ಬಳಸಿ ಉಳಿದ ಬ್ರಾತನ್ನು, ಅದು ಕುಡಿಯಬಹುದಾದ ಬ್ಯಾಕ್ಟೀರಿಯಾವೇ ಆದರೂ, ಸಿಂಕಿಗೆ ಸುರಿಯುವಂತಿಲ್ಲ, ಏಕೆಂದರೆ ಅದೇ ಬ್ರಾತಿನಲ್ಲಿ ಹೊರಗಿನದೊಂದು ಕೋಟಿಗಟ್ಟಲೆ ಬೆಳೆದಿರಬಹುದು. ಎಲ್ಲವೂ 121 ಡಿಗ್ರಿಯ ಆಟೊಕ್ಲೇವಿಗೆ ಹೋಗುತ್ತದೆ. ಚೀಲದ ಮೇಲಿನ ಟೇಪಿನಲ್ಲಿ ಕಪ್ಪು ಪಟ್ಟೆ ಮೂಡಿದರೆ ಹೊರಮೈಗೆ ಶಾಖ ತಾಗಿದೆ ಎಂದಷ್ಟೇ ತಿಳಿಯುವುದರಿಂದ, ಶಾಖಕ್ಕೆ ಜಗ್ಗದ ಜಿಯೊಬ್ಯಾಸಿಲಸ್ ಬೀಜಾಣುಗಳಿರುವ ಸಣ್ಣ ಸೀಸೆಯೊಂದನ್ನು ತಿಂಗಳಿಗೊಮ್ಮೆ ಚೀಲದ ನಡುವೆ ಇಟ್ಟು, ಬಳಿಕ ಅದನ್ನು ಬೆಚ್ಚಗಿಟ್ಟು ಕಾಯುತ್ತೇವೆ. ಅದರ ದ್ರಾವಣ ನೇರಳೆಯಾಗಿಯೇ ಉಳಿದರೆ ಪುಸ್ತಕದಲ್ಲಿ ಸಹಿ ಹಾಕುತ್ತೇನೆ, ಹಳದಿಗೆ ತಿರುಗಿದರೆ ಚೀಲ ಮತ್ತೆ ಆಟೊಕ್ಲೇವಿಗೆ.