ಅಪ್ಪ ಕಂಡ ಬೀಳು

1992ರಲ್ಲಿ ನನ್ನನ್ನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಹಾಸ್ಟೆಲಿಗೆ ಬಿಡಲು ಬಂದ ಅಪ್ಪ, ಮೈಸೂರು ರಸ್ತೆಯಲ್ಲಿ ಬಿಟಿಎಸ್ ಬಸ್ಸಿಳಿದು ಒಳಗೆ ಒಂದಷ್ಟು ದೂರ ನಡೆದ ಮೇಲೆ ತಲೆ ಮೇಲಿನ ಟ್ರಂಕು ಇಳಿಸಿ ಸುತ್ತ ನೋಡಿದ. ನೀಲಗಿರಿ, ಲಂಟಾನ, ಮಧ್ಯೆ ಮಧ್ಯೆ ಬಂಡೆ. ಕಟ್ಟಡ ಅನ್ನೋದು ಒಂದೂ ಕಣ್ಣಿಗೆ ಬೀಳಲಿಲ್ಲ. ‘ಏನ್ ಮಗ, ಇಷ್ಟು ನೆಲಾನೂ ಬೀಳು ಬಿಟ್ಟವ್ರಲ್ಲೋ?’ ಅಂದ. ಕೊರಟಗೆರೆ ಕಡೆ ಎರಡೂವರೆ ಎಕರೆಯಲ್ಲಿ ಇಂಡಾಫ್ ರಾಗಿ ಬೆಳೆದು ಮಗನನ್ನು ಎಂ.ಎಸ್ಸಿ.ವರೆಗೆ ತಂದವನಿಗೆ ಸುಮಾರು 1,100 ಎಕರೆ ಹಾಗೆ ಸುಮ್ಮನೆ ಮಲಗಿದ್ದುದು ಹೊಟ್ಟೆಗೆ ಬೆಂಕಿ ಹಾಕಿದಂತಾಗಿತ್ತು.

ನನಗೂ ಮೊದಲ ತಿಂಗಳು ಅದು ಬೀಳೇ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಗೆಳೆಯರ ಮುಂದೆ ಬಾಯಿ ಬಿಡುವಂತಿರಲಿಲ್ಲ. ಅವರಿಗೆ 1858ರಲ್ಲಿ ಶುರುವಾದ ಶಾಲೆಯಿಂದ ಬೆಳೆದು ಬಂದ ಕಾಲೇಜು, ಗಡಿಯಾರದ ಗೋಪುರ, ಹೆಜ್ಜೆ ದೂರದಲ್ಲಿ ಗಾಂಧಿನಗರದ ಥಿಯೇಟರುಗಳು. ನಮಗೆ ಟೀ ಬೇಕೆಂದರೂ ಚಪ್ಪಲಿ ಸವೆಸಬೇಕಿತ್ತು.

ಭೂವಿಜ್ಞಾನಕ್ಕೆ ಸೇರಿದ್ದರಿಂದ ನನ್ನ ಕಣ್ಣು ಮೊದಲು ತಿದ್ದಿಕೊಂಡಿದ್ದು ಕಲ್ಲಿನ ವಿಷಯದಲ್ಲಿ. ಲಾಲ್‌ಬಾಗಿನ ಬಂಡೆಯನ್ನು ಎಲ್ಲರೂ ಹತ್ತಿರುತ್ತಾರೆ. ಸುಮಾರು 300 ಕೋಟಿ ವರ್ಷದ ಆ ಪೆನಿನ್ಸುಲರ್ ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲಿನದೇ ಬಳಗ ನಮ್ಮ ವಿಭಾಗದ ಹಿಂದೆಯೂ ಆನೆ ಬೆನ್ನಿನ ಹಾಗೆ ಎದ್ದಿತ್ತು. ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಬೇಕು. ಬಿಳಿ ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಬಿಳಿ. ಬಿಳಿಯದರಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಅಭ್ರಕ. ಒಂದು ಕಡೆ ಆ ಪಟ್ಟೆಗಳು ಒಗೆದು ಹಿಂಡಿಟ್ಟ ಸೀರೆಯಂತೆ ಮಡಿಸಿಕೊಂಡಿದ್ದವು. ಆ ಮಡಿಕೆಯಲ್ಲಿ ಬೆರಳಿಟ್ಟು ಎಳೆಯುತ್ತಾ ಕೂತರೆ ಮೊದಲ ಪೀರಿಯಡ್ಡು ಹೋದದ್ದೇ ಗೊತ್ತಾಗುತ್ತಿರಲಿಲ್ಲ. (ಅಟೆಂಡೆನ್ಸ್ ಕೊರತೆಗೆ ಇದನ್ನೇ ಕಾರಣವಾಗಿ ಬರೆದುಕೊಟ್ಟವನು ನಾನೊಬ್ಬನೇ ಇರಬೇಕು.)

ಎರಡನೇ ವರ್ಷ ನಮ್ಮೂರಿನವನೇ ಒಬ್ಬ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದ. ಭಾರತೀಯ ವಿಜ್ಞಾನ ಸಂಸ್ಥೆ ಎಂದರೆ ಆಗ ಮಲ್ಲೇಶ್ವರದ ಆಟೋದವರಿಗೂ ತಿಳಿಯುತ್ತಿರಲಿಲ್ಲ, ಟಾಟಾ ಇನ್‌ಸ್ಟಿಟ್ಯೂಟ್ ಅಂದರೇ ಬಾಡಿಗೆ. ಅಲ್ಲಿ ಕಾಲಿಟ್ಟ ದಿನ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಮೈಸೂರು ಅರಸರು ಕೊಟ್ಟ ನೆಲ, 1911ರಿಂದ ಪಾಠ ನಡೆದ ಜಾಗ, ಮುಖ್ಯ ಕಟ್ಟಡದ ಬೂದುಗಲ್ಲಿನ ಗೋಪುರ, ಮುಂದೆ ಜೆಮ್ಶೆಟ್‌ಜಿ ಟಾಟಾ ಪ್ರತಿಮೆ. ರಸ್ತೆಗಳಿಗೆ ಮರಗಳದ್ದೇ ಹೆಸರು: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ. ಮಧ್ಯಾಹ್ನ ಒಂದು ಗಂಟೆಗೂ ತಲೆಗೆ ಬಿಸಿಲು ತಾಗದು.

ರಾತ್ರಿ ಊಟವಾದ ಮೇಲೆ ಅವನು ಟಾರ್ಚಿಗೆ ಕೆಂಪು ಕಾಗದ ಸುತ್ತಿ ಮರಗಳ ಕೆಳಗೆ ಕರೆದೊಯ್ದ. ‘ಉಸಿರೆತ್ತಬೇಡ ಕಣೋ’ ಅಂದ. ಕೊಂಬೆಯ ಮೇಲೆ ಎರಡು ಕೆಂಡ. ಕಾಡುಪಾಪ! ಕಡ್ಡಿಯಂಥ ಕೈಕಾಲು, ಅಂಗೈ ಮೇಲೆ ಕೂರಿಸಿಕೊಳ್ಳುವಷ್ಟು ಮೈ. ಹಾರಲಿಲ್ಲ, ಓಡಲಿಲ್ಲ. ಒಂದು ಕೈ ಬಿಟ್ಟು ಮುಂದಿನ ಕೊಂಬೆ ಹಿಡಿಯಿತು, ಯೋಚಿಸಿತು, ಆಮೇಲೆ ಇನ್ನೊಂದು ಕೈ. ಕೊಂಬೆಗೆ ಕೊಂಬೆ ತಾಗಿದ್ದರಷ್ಟೇ ಅದಕ್ಕೆ ದಾರಿ. ‘ನಿಮ್ಮಲ್ಲಿದೆಯೇನೋ ಇಂಥದ್ದು?’ ಅಂದ. ‘ನವಿಲಿದೆ’ ಅಂದೆ. ಸೋತ ದನಿಯಲ್ಲೇ ಅಂದಿರಬೇಕು.

ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಬಿ.ವಿ. ದೋಷಿಯವರ ವಿನ್ಯಾಸ, ಒರಟು ಸೈಜುಗಲ್ಲಿನ ಉದ್ದುದ್ದ ಕಾರಿಡಾರು, ಮೇಲಿಂದ ಇಳಿಬಿದ್ದ ಬಳ್ಳಿ. ಫೋಟೋ ತೆಗೆಯುವವರಿಗೆ ಅದನ್ನು ಮೀರಿಸಿದ್ದು ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ಆದರೆ ಅಲ್ಲಿ ಎಲ್ಲಿ ನಿಂತರೂ ಯಾರೋ ಮೊದಲೇ ಯೋಚಿಸಿ ನನ್ನನ್ನು ಅಲ್ಲಿ ನಿಲ್ಲಿಸಿದ್ದಾರೆ ಅನ್ನಿಸುತ್ತದೆ. ದಾರಿ ತಪ್ಪುವ ಅವಕಾಶವೇ ಇಲ್ಲ. ನಮ್ಮಲ್ಲಿ ದಾರಿ ತಪ್ಪದೆ ಲೈಬ್ರರಿ ತಲುಪಿದವರನ್ನು ನಾನು ಕಂಡಿಲ್ಲ.

ಅಪ್ಪನಿಗೆ ಮಾತ್ರ ಇವು ಯಾವುವೂ ಹಿಡಿಸಲಿಲ್ಲ. ಒಂದು ನವೆಂಬರಿನಲ್ಲಿ ಕೃಷಿ ಮೇಳಕ್ಕೆಂದು ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಗೆ ಕರೆದುಕೊಂಡು ಹೋದೆ. ಬಳ್ಳಾರಿ ರಸ್ತೆ ಬದಿಗೆ ಸುಮಾರು 1,300 ಎಕರೆ. ಪ್ಲಾಟಿನಲ್ಲಿ ರಾಗಿ ತೆನೆ ಕಟ್ಟಿ ಬಾಗಿತ್ತು. ಮಳಿಗೆ, ಟ್ರ್ಯಾಕ್ಟರು ಒಂದನ್ನೂ ನೋಡದೆ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತ. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಂಡ. ‘ಇದು ಕಣೋ ಕಾಲೇಜು’ ಅಂದ. ಕಾವಲುಗಾರ ಓಡಿ ಬಂದು ಬೈದ. ಅಪ್ಪ ಅವನಿಗೂ ನಾಲ್ಕು ಕಾಳು ಕೊಟ್ಟ.

ಇದನ್ನು ಬರೆಯಬೇಕೆಂದು ಹೋದ ತಿಂಗಳು ಮೆಟ್ರೋದಲ್ಲಿ ಬಂದೆ. ನಿಲ್ದಾಣದ ಹೆಸರೇ ಜ್ಞಾನಭಾರತಿ! ನೀಲಗಿರಿಯ ಜಾಗದಲ್ಲಿ ಈಗ ಜೈವಿಕ ವನ ಬೆಳೆದು ನೆರಳಾಗಿದೆ. ಕೊಳಚೆ ಹರಿಯುವ ವೃಷಭಾವತಿ ನದಿ ಕಡೆಯ ಗಾಳಿ ಬೀಸಿದಾಗ ಮೂಗು ಮುಚ್ಚಿಕೊಂಡೆ, ಅದೊಂದು ಬದಲಾಗಿಲ್ಲ. ನಾಗರಬಾವಿ ಕಡೆಯಿಂದ ಬರುವ ಬೈಕುಗಳಿಗೆ ದಾರಿ ಬಿಡುತ್ತಾ ನಡೆಯುವುದು ನನ್ನ ಕಾಲದಲ್ಲಿ ಇರಲಿಲ್ಲ. ನಾವು ರಸ್ತೆ ನಡುವೆ ಐದು ಜನ ಅಡ್ಡಡ್ಡ ಹೋಗುತ್ತಿದ್ದವರು.

ಬಂಡೆ ಇತ್ತು. ಅದರ ಮೇಲೆ ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಬ್ರಂಟನ್ ಕಂಪಾಸ್ ಹಿಡಿದು ಪಟ್ಟೆಗಳ ದಿಕ್ಕು ಅಳೆಯುತ್ತಿದ್ದರು. ಮೂವರಿಗೂ ಬೇರೆ ಬೇರೆ ಅಂಕಿ. ಹಳೆಯ ವಿದ್ಯಾರ್ಥಿ ಅಂದೆ, ‘ನೀವೇ ಹೇಳಿ ಸಾರ್’ ಅಂತ ಕಂಪಾಸ್ ಕೈಗಿಟ್ಟರು. ಮೂವತ್ತು ವರ್ಷ ಬೋರ್‌ವೆಲ್ ಜಾಗ ತೋರಿಸಿದ ಜಂಬದಲ್ಲಿ ಮಂಡಿಯೂರಿ, ಕಂಪಾಸಿನ ಮಟ್ಟದ ಗುಳ್ಳೆ ನಡುವಿಗೆ ತಂದು ಓದಿದೆ. ನಾಲ್ಕನೇ ಅಂಕಿ ಬಂತು.

‘ಸಾರ್, ನಿಮ್ಮ ಬೆಲ್ಟಿನ ಬಕಲ್ ಕಬ್ಬಿಣದ್ದಾ?’ ಅಂದಳು ಒಬ್ಬಳು.